ಓರೆಗಿಟ್ಟ ಕುರ್ಚಿ

ಎರಡೂ ಕೈಯಲ್ಲಿ ಕುರ್ಚಿಗಳಿದ್ದವಲ್ಲ, ಅದಕ್ಕೇ ಆ ಕೂಲಿ ಹುಡುಗ ಕಾಲಿನಿಂದ ತಳ್ಳಿದ, ಚಪ್ಪಲಿಯ ತುದಿಯಿಂದ, ಕುರ್ಚಿಯ ಮುಂದಿನ ಕಾಲನ್ನು ಒಂಚೂರು, ಅಷ್ಟೇ ಅಷ್ಟು, ಕುರ್ಚಿ ಓರೆಯಾಗಿ ಕೂತಿತು — ಸಿಗ್ನಲ್ಲಿನಲ್ಲಿ ನಿಂತ ಟ್ಯಾಕ್ಸಿಯ ಕಿಟಕಿಯಿಂದ ಅವಳು ಅದನ್ನು ನೋಡಿದಳು, ನೋಡಿದಳು ಅನ್ನುವುದಕ್ಕಿಂತ ಕಣ್ಣು ಆ ಕಡೆಗಿತ್ತು ಅಷ್ಟೆ, ಮನಸ್ಸೆಲ್ಲ ಮಧ್ಯಾಹ್ನದ ಸಭೆಯಲ್ಲಿ, ಮೂರು ಜನ ಹೆಂಗಸರು ಸತ್ರೂ ನಿಮ್ಮ ವರದಿಯಲ್ಲಿ ಬರೀ ಇರಬಹುದು ಇರಬಹುದು ಅಂತಾನೇ ಇದೆಯಲ್ಲ ಮೇಡಂ ಎಂದು ಮೇಲಧಿಕಾರಿಗಳು ಕೇಳಿದರೆ ಏನು ಹೇಳುವುದು, ಕೊಲೆಗಾರನ ಮನಸ್ಸು ಹೇಗಿದ್ದೀತೆಂದು ಪೊಲೀಸರಿಗೆ ಹೇಳುವುದೇ ನನ್ನ ಕೆಲಸ, ಕೊಲೆಗಾರನ ವಿಳಾಸ ಹೇಳುವುದಲ್ಲ ಸಾರ್ ಎನ್ನಲೇ, ಎಂದರೆ ಸಭೆ ಅಲ್ಲಿಗೇ ಮುಗಿಯುತ್ತದೆ, ಹೊರಗೆ ಯಾವುದೋ ಸಭಾಂಗಣದ ಮುಂದೆ ಲಾರಿಯಿಂದ ಕುರ್ಚಿ ಇಳಿಸುತ್ತಿದ್ದಾರೆ, ಯಾರ ಮದುವೆಯೋ ಯಾರ ಭಾಷಣವೋ, ಬಿಳಿ ಪ್ಲಾಸ್ಟಿಕ್ ಕುರ್ಚಿಗಳು, ಮತ್ತೆ ತಳ್ಳಿದ ನೋಡು, ಕಾಲಿನಿಂದಲೇ — ಎದೆ ಧಸಕ್ಕೆಂದಿತು. ಯಾಕೆ? ಕುರ್ಚಿ ತಳ್ಳಿದ್ದಕ್ಕೆ ಯಾರಾದರೂ ಹೆದರುತ್ತಾರೆಯೇ, ಬೆಳಿಗ್ಗೆ ಏನೂ ತಿನ್ನದೆ ಬಂದದ್ದಕ್ಕಿರಬೇಕು, ಅಕ್ಕ ಬೈಯುತ್ತಾಳೆ, ಊರವರ ಹುಚ್ಚು ಬಿಡಿಸ್ತೀನಿ ಅಂತ ಹೋಗ್ತೀಯಲ್ಲೇ ಪುಟ್ಟಿ, ಮೊದ್ಲು ನಿನ್ನ ಹೊಟ್ಟೆಗೇನಾದ್ರೂ ಹಾಕು — ಹಸಿವಲ್ಲ, ಇದು ಹಸಿವಲ್ಲ, ಇದನ್ನು ಎಲ್ಲೋ ನೋಡಿದ್ದಾಳೆ, ಹೀಗೇ, ಕಾಲಿನಿಂದ, ಆದರೆ ಅದು ಪ್ಲಾಸ್ಟಿಕ್ಕಿನದಲ್ಲ, ಕಬ್ಬಿಣದ್ದು, ಕಿರ್ರ್ ಎಂದಿತ್ತು, ಕೆಳಗೆ ಸಿಮೆಂಟು ನೆಲ, ಕಾಲಲ್ಲಿ ಇದ್ದದ್ದು ಚಪ್ಪಲಿಯಲ್ಲ, ಪಾಲಿಶ್ ಮಾಡಿದ ಕಂದು ಶೂ. ಠಾಣೆಯ ಹಿಂದಿನ ಕೋಣೆ. ಮೊನ್ನೆ.

ಆ ಕೋಣೆ ಅವಳಿಗೆ ಯಾವತ್ತೂ ಆಗಿಬರುವುದಿಲ್ಲ, ನಡುವೆ ಮೇಜು, ಈ ಕಡೆಗೊಂದು ಕುರ್ಚಿ ಆ ಕಡೆಗೊಂದು ಕುರ್ಚಿ, ಮುಖಕ್ಕೆ ಮುಖ, ಹಾಗೆ ಕೂರಿಸಿದರೆ ಸತ್ಯವಂತನೂ ಸುಳ್ಳು ಹೇಳಿಯಾನು, ಇನ್ಸ್‌ಪೆಕ್ಟರಿಗೆ ಹೇಳಿ ಹೇಳಿ ಬಾಯಿ ನೋಯುತ್ತದೆ, ಇದು ಪೊಲೀಸ್ ಸ್ಟೇಷನ್ ಮೇಡಂ, ನಿಮ್ಮ ಕ್ಲಿನಿಕ್ಕಲ್ಲ ಎಂದು ನಗುತ್ತಾರೆ. ಅವಳ ಕ್ಲಿನಿಕ್ಕಿನಲ್ಲಿ ಕುರ್ಚಿಗಳು ಓರೆಗಿರುತ್ತವೆ, ಕೂತವರಿಗೆ ಬೇಕೆನಿಸಿದರೆ ನಿಮ್ಮನ್ನು ನೋಡಬಹುದು, ಬೇಡವೆನಿಸಿದರೆ ಕಣ್ಣು ಕಿಟಕಿಗೆ ಹೋಗಬಹುದು, ಕಾಲೇಜಿನಲ್ಲಿ ಮೇಷ್ಟರು ಕಲಿಸಿದ್ದು, ಎದುರೆದುರು ಇಟ್ರೆ ಪೊಲೀಸು, ಪಕ್ಕಪಕ್ಕ ಇಟ್ರೆ ಬಸ್ಸು, ಓರೆಗಿಟ್ರೆ ಮಾತ್ರ ಮಾತು, ಪ್ರತಿ ವರ್ಷ ಅದೇ ಜೋಕು, ಹೇಳಿ ತಾವೇ ಮೊದಲು ನಗುತ್ತಿದ್ದರು, ಈ ಕಸುಬಿನವರೆಲ್ಲ ಹಾಗೆಯೇ ಇಡುತ್ತಾರೆ, ಹಲ್ಲುಜ್ಜಿದ ಹಾಗೆ, ಯೋಚಿಸದೆ. ಮೊನ್ನೆ ಆ ಕೋಣೆಗೆ ಒಬ್ಬೊಬ್ಬರನ್ನಾಗಿ ಕರೆಸಿದ್ದು ಸಹಾಯವಾಣಿಯವರನ್ನು, ಮನೆಯಲ್ಲಿ ಸಾವಾದವರು ಫೋನ್ ಮಾಡಿದರೆ ಕೇಳಿಸಿಕೊಳ್ಳುವ ಸ್ವಯಂಸೇವಕರು, ಸತ್ತ ಮೂವರೂ ಒಂದಲ್ಲ ಒಂದು ಸಲ ಅಲ್ಲಿಗೆ ಫೋನ್ ಮಾಡಿದ್ದರು, ಯಾರಾದರೂ ಏನಾದರೂ ಗಮನಿಸಿದ್ದರೆ ಹೇಳಲಿ ಎಂದು ಕರೆಸಿದ್ದು, ಆರೋಪ ಹೊರಿಸಲು ಅಲ್ಲ, ಎಲ್ಲರೂ ಅತ್ತರು, ಮೂಗೊರೆಸಿಕೊಂಡು ಹೋದರು, ಕೊನೆಯವನು ಅವನು, ನಡುವಯಸ್ಸು, ತೋಳು ಮಡಿಚಿದ ಅಂಗಿ, ಬಾಗಿಲಲ್ಲಿ ನಿಂತು ಒಳಗೆ ಬರಬಹುದಾ ಮೇಡಂ ಎಂದು ಕೇಳಿದ, ಠಾಣೆಯಲ್ಲಿ ಹಾಗೆ ಕೇಳುವವರು ಯಾರಿದ್ದಾರೆ, ಬಂದ, ಕೂರುವ ಮೊದಲು ಶೂವಿನ ತುದಿಯಿಂದ ಕುರ್ಚಿಯ ಮುಂದಿನ ಕಾಲನ್ನು ಅಷ್ಟೇ ಅಷ್ಟು ತಳ್ಳಿದ, ಕಿರ್ರ್, ಮೇಜಿನ ಮೂಲೆಗೆ ಓರೆಯಾಯಿತು, ಹೀಗಿದ್ರೆ ಮಾತಾಡೋಕೆ ಅನುಕೂಲ ಅಲ್ವಾ ಮೇಡಂ ಎಂದ, ಅವಳಿಗೆ ಬೆಳಿಗ್ಗೆಯಿಂದ ಬಿಗಿದುಕೊಂಡಿದ್ದ ಭುಜ ತಾನಾಗಿ ಇಳಿಯಿತು, ಅಬ್ಬಾ, ಒಬ್ಬನಾದರೂ ನಮ್ಮವನು ಸಿಕ್ಕ ಎಂದುಕೊಂಡಳು. ನಮ್ಮವನು. ಅದೇ ಮಾತು ಮನಸ್ಸಿಗೆ ಬಂದಿತ್ತು, ಬೇರೆ ಅಲ್ಲ.

ಹಸಿರು ಬಿತ್ತು, ಟ್ಯಾಕ್ಸಿ ಹೊರಟಿತು, ಡ್ರೈವರ್ ಅಡ್ಡ ಬಂದ ಸ್ಕೂಟರಿನವನ ವಂಶವನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದಾನೆ, ಅವಳಿಗೆ ಅದು ಎಲ್ಲೋ ದೂರದಲ್ಲಿ ಕೇಳಿಸುತ್ತಿದೆ, ಅವಳೀಗ ಟೀಚರಮ್ಮನ ನಡುಮನೆಯಲ್ಲಿ ನಿಂತಿದ್ದಾಳೆ, ಮೊದಲನೆಯ ಮನೆ, ತಾಯಿ ಸತ್ತ ಮೇಲೆ ಒಂಟಿಯಾದ ರಿಟೈರ್ಡ್ ಟೀಚರು, ಒಳಗೆ ಮಂಚದ ಮೇಲೆ ಮಲಗಿದ್ದಾರೆ, ಹೊದಿಕೆಯನ್ನು ಗಲ್ಲದವರೆಗೆ ಎಳೆದು ಹೊದಿಸಿದೆ, ಉಸಿರು ನಿಲ್ಲಿಸಿದ ದಿಂಬನ್ನೇ ಮತ್ತೆ ತಲೆಯ ಕೆಳಗೆ ಇಟ್ಟಿದ್ದಾನೆ ಪಾಪಿ, ಬಾಗಿಲು ಒಡೆದಿಲ್ಲ, ಬೀಗ ಮುರಿದಿಲ್ಲ, ಒಂದು ಲೋಟವೂ ಉರುಳಿಲ್ಲ, ಕರೆದೇ ಒಳಗೆ ಬಿಟ್ಟುಕೊಂಡಿದ್ದಾರೆ, ಅದಕ್ಕೇ ಹೆಡ್ ಕಾನ್‌ಸ್ಟೆಬಲ್ ಅವನಿಗೆ ನೆಂಟ ಎಂದು ಹೆಸರಿಟ್ಟದ್ದು, ಈಗ ಠಾಣೆಗೆಲ್ಲ ಅವನು ನೆಂಟನೇ, ನೆಂಟನ ಫೈಲು, ನೆಂಟನ ಫೋಟೋಗಳು. ಎರಡನೆಯವಳು ಗಂಡನನ್ನು ಕಳೆದುಕೊಂಡ ಹೊಲಿಗೆಯವಳು, ಮೂರನೆಯವರು ಹಲ್ಲಿನ ಡಾಕ್ಟರು, ಬೈಕ್ ಹತ್ತಿ ಹೋದ ಮಗ ವಾಪಸ್ ಬರಲಿಲ್ಲ, ಮೂರು ಮನೆಯಲ್ಲೂ ಹಾಡುಹಗಲೇ, ಮೂರು ಮನೆಯಲ್ಲೂ ಅದೇ ಹೊದಿಕೆ, ನಡುಮನೆಯಲ್ಲಿ ಎರಡು ಕುರ್ಚಿ. ಕುರ್ಚಿಗಳ ಬಗ್ಗೆ ಅವಳೇ ಬರೆದಿದ್ದಾಳೆ, ಅಷ್ಟೊಂದು ಇರಬಹುದುಗಳ ನಡುವೆ ಅದೊಂದನ್ನು ಎಷ್ಟು ಧೈರ್ಯದಿಂದ ಬರೆದಳು ಮಹಾತಾಯಿ, ಕುರ್ಚಿ ಅಡ್ಡಾದಿಡ್ಡಿ ಇರುವುದರಿಂದ ಅವನು ರೇಗಿ ತಳ್ಳಿಕೊಂಡು ಎದ್ದಿರಬೇಕು, ಮಾತು ಬಾರದವನು, ಜನ ಸೇರದವನು, ಹೆಂಗಸರ ಮುಖ ನೋಡಲು ಹೆದರುವವನು — ಆಮೇಲೆ ಪೊಲೀಸರು ಊರಲ್ಲಿರುವ ಪಾಪದ ಮೂಕಬಸವರನ್ನೆಲ್ಲ ಹಿಡಿದು ಹಿಡಿದು ತಂದರು. ಹೊಲಿಗೆಯವಳ ಮನೆಯ ನೆಲ ಸಮವಿರಲಿಲ್ಲ, ಒಂದು ಕುರ್ಚಿ ಅಲ್ಲಾಡದಂತೆ ಅದರ ಕಾಲಿನ ಕೆಳಗೆ ನಾಲ್ಕು ಮಡಿಕೆ ಮಾಡಿದ ಕಾಗದವಿತ್ತು, ಅವಳು ಬಗ್ಗಿ ಅದನ್ನು ನೋಡಿದ್ದಳು, ಮುಟ್ಟಿದ್ದಳು ಕೂಡ, ಹೊಲಿಗೆಯವಳೇ ಇಟ್ಟುಕೊಂಡದ್ದು ಎಂದುಕೊಂಡಳು — ರೇಗಿ ಎದ್ದವನ ಕುರ್ಚಿಯ ಕೆಳಗೆ ಕಾಗದ ಹೇಗೆ ಕೂತಿರುತ್ತದೆ? ತಳ್ಳಿದ್ದಲ್ಲ ಅದು. ಇಟ್ಟದ್ದು. ಓರೆಗೆ. ನೋಡಬೇಕೆನಿಸಿದರೆ ನೋಡಲಿ, ಬೇಡವಾದರೆ ಕಣ್ಣು ಕಿಟಕಿಗೆ ಹೋಗಲಿ ಎಂದು, ಇಪ್ಪತ್ತು ವರ್ಷದಿಂದ ದಿನಾ ಬೆಳಿಗ್ಗೆ ಅವಳೇ ಇಡುವ ಹಾಗೆ. ಕನ್ನಡಕ ಮೂಗಿನ ಮೇಲಿಟ್ಟುಕೊಂಡು ಮನೆಯೆಲ್ಲ ಕನ್ನಡಕ ಹುಡುಕಿದ ಹಾಗಾಯಿತಲ್ಲ, ಕಾನ್‌ಸ್ಟೆಬಲ್ಲಿಗೆ ಅದು ವಿಚಿತ್ರವಾಗಿ ಕಂಡಿತ್ತು, ಇದ್ಯಾಕೆ ಮೇಡಂ ಹಿಂಗಿಟ್ಟವ್ರೆ ಎಂದು ಕೇಳಿಯೂ ಕೇಳಿದ್ದ, ಅವಳಿಗೆ ಮಾತ್ರ ಅದು ಕುರ್ಚಿ ಇರಬೇಕಾದ ಹಾಗೆಯೇ ಕಂಡಿತ್ತು, ಅವನು ಕೇಳಿದ ಮೇಲೆಯೇ ಒಂದು ಕಾರಣ ಹುಡುಕಿ ಬರೆದದ್ದು. ಕಿಟಕಿಯ ಗಾಜು ಏರಿಸಿದಳು, ಸೆಖೆಯಾಯಿತು, ಮತ್ತೆ ಇಳಿಸಿದಳು.

ಇರಲಿ, ಗಾಬರಿ ಬೇಡ, ಇಡೀ ಊರಲ್ಲಿ ಕುರ್ಚಿಯನ್ನು ಓರೆಗಿಡುವವರು ನೂರು ಜನ ಇದ್ದಾರು, ಸಹಾಯವಾಣಿಯಲ್ಲಿ ತರಬೇತಿ ಕೊಟ್ಟೇ ಕೊಡುತ್ತಾರೆ, ಕಂದು ಶೂ ಹಾಕಿದ ಮಾತ್ರಕ್ಕೆ ಯಾರೂ ಕೊಲೆಗಾರರಾಗುವುದಿಲ್ಲ, ಕಾಗದದ ಮೇಲೆ ಬರೆದರೆ ಇದು ನಿಲ್ಲುವುದಿಲ್ಲ, ಇನ್ಸ್‌ಪೆಕ್ಟರ್ ನಗುತ್ತಾರೆ — ಆದರೆ ಆಮೇಲೆ ನಡೆದದ್ದು? ಅವನು ಓರೆಯ ಕುರ್ಚಿಯಲ್ಲಿ ಕೂತ ಮೇಲೆ ನಡೆದದ್ದು? ಅದನ್ನು ನೆನೆಯಲು ಮನಸ್ಸು ಒಪ್ಪುತ್ತಿಲ್ಲ, ಬಾವಿಗೆ ಬಗ್ಗಿ ನೋಡಲು ಹೆದರಿದ ಹಾಗೆ ಅಲ್ಲಲ್ಲೇ ಸುತ್ತುತ್ತಿದೆ. ತಮ್ಮ. ತಮ್ಮನನ್ನು ತರಬೇಕಿತ್ತು ಆ ಹೊತ್ತಿಗೆ. ಅವಳಿಗೆ ತಮ್ಮ ಇಲ್ಲ, ಎದುರಿನವರ ಬಾಯಿ ಬಿಡಿಸಬೇಕಾದರೆ ನಮ್ಮದೂ ಒಂದಿಷ್ಟು ಬಿಚ್ಚಬೇಕು, ಆದರೆ ನಿಜವಾದದ್ದನ್ನು ಬಿಚ್ಚಬಾರದು, ಅದಕ್ಕೆ ಅವಳು ವರ್ಷಗಳ ಹಿಂದೆಯೇ ಒಬ್ಬ ತಮ್ಮನನ್ನು ಹುಟ್ಟಿಸಿಕೊಂಡಿದ್ದಾಳೆ, ಕಳ್ಳನ ಮುಂದೆ ಕೂತರೆ ತಮ್ಮನೂ ಅಂಗಡಿಯಲ್ಲಿ ಕದ್ದು ಸಿಕ್ಕಿಬಿದ್ದವನು, ಕುಡುಕನ ಮುಂದೆ ಕೂತರೆ ಅವನೂ ಸಂಜೆಯಾದರೆ ಬಾಟಲಿ ಹಿಡಿಯುವವನು, ನಮ್ಮ ತಮ್ಮನೂ ಹೀಗೇ ಕಣಪ್ಪ ಎಂದು ನಿಟ್ಟುಸಿರು ಬಿಟ್ಟರೆ ಎಂಥ ಗಟ್ಟಿಗನೂ ಕರಗುತ್ತಾನೆ. ಇದು ಅಕ್ಕನಿಗೆ ಮಾತ್ರ ಗೊತ್ತು, ಅಕ್ಕನಿಗಂತೂ ಅದೊಂದು ದೊಡ್ಡ ತಮಾಷೆ, ಫೋನೆತ್ತಿದರೆ ಮೊದಲ ಪ್ರಶ್ನೆಯೇ ಅದು, ಏನಂತಾನೇ ನಮ್ಮ ತಮ್ಮ, ಈ ವಾರ ಯಾವ ಕೆಟ್ಟ ಚಟ ಕಲಿತ, ಭಾವ ಬದುಕಿದ್ದಾಗ ಅವರೂ ಸೇರಿಕೊಳ್ಳುತ್ತಿದ್ದರು, ನನ್ನ ಬಾಮೈದನಿಗೆ ಒಂದು ಹೆಣ್ಣು ನೋಡ್ರೇ, ಎಷ್ಟು ದಿನ ಜೈಲಲ್ಲೇ ಇರ್ತಾನೆ. ಭಾವ ಹೋಗಿ ವರ್ಷ ತುಂಬಿಲ್ಲ. ಮೊನ್ನೆ ಆ ಕಂದು ಶೂವಿನವನು ಏನೂ ಕೇಳಲಿಲ್ಲ, ಅದೇ ನೋಡು, ಏನೂ ಕೇಳದೆ ತಲೆ ಸ್ವಲ್ಪ ವಾಲಿಸಿಕೊಂಡು ಸುಮ್ಮನೆ ಕೂತ, ಅವಳು ಸುಮ್ಮನೆ ಕೂತರೆ ಉಳಿದವರು ಹೇಗೆ ಮಾತಾಡತೊಡಗುತ್ತಾರೋ ಹಾಗೆ ಅವಳೇ ಮಾತಾಡತೊಡಗಿದಳು, ದುಃಖದಲ್ಲಿರೋರು ಬಾಗಿಲು ಹಾಕೋದನ್ನೂ ಮರೀತಾರೆ ನೋಡಿ, ನಮ್ಮಕ್ಕನೇ ಇದ್ದಾಳೆ, ಹಿತ್ತಲ ಬಾಗಿಲಿನ ಚಿಲಕ ಮುರಿದು ಎಷ್ಟು ದಿನ ಆಯ್ತು, ಭಾವ ಇದ್ದಿದ್ರೆ ಸರಿಮಾಡ್ತಿದ್ರು ಅಂತ ಹಾಗೇ ಬಿಟ್ಟಿದ್ದಾಳೆ, ಕಳ್ಳ ಬಂದ್ರೆ ಮನೆ ನೋಡಿ ಅವನೇ ಪಾಪ ಅಂತ ಏನಾದ್ರೂ ಇಟ್ಟು ಹೋಗ್ತಾನೆ ಅಂತಾಳೆ — ಅವನು ನಕ್ಕ, ಮೆಲ್ಲಗೆ, ಒಬ್ಬರೇ ಇದ್ದಾರಾ ಅವರು ಎಂದ, ಒಬ್ಬಳೇ, ಹಳೇ ಅಂಚೆ ಕಚೇರಿ ಹಿಂದುಗಡೆ ಬೀದಿಯಲ್ಲಿ, ಅಂದಳು. ಅಂದಳಲ್ಲ! ನಾಲಿಗೆ ಕಚ್ಚಿಕೊಂಡರೂ ಈಗ ಬಾಯಿಂದ ಹೋದದ್ದು ವಾಪಸ್ ಬರುವುದಿಲ್ಲ. ಅವರಿಗೂ ಯಾರಾದ್ರೂ ಮಾತಾಡಿಸೋರು ಬೇಕು ಅಲ್ವಾ ಮೇಡಂ ಎಂದಿದ್ದ ಅವನು, ಎದ್ದು ಹೋಗುವಾಗ.

ಡ್ರೈವರೇ ತಿರುಗಿಸಿ, ಸಭೆ ಬೇಡ, ಹಳೇ ಅಂಚೆ ಕಚೇರಿ ಕಡೆ ಹೋಗಿ, ಇಲ್ಲಿಂದ ತಿರುಗೋ ಹಾಗಿಲ್ಲ ಮೇಡಂ, ಮುಂದೆ ಫ್ಲೈಓವರ್ ಇಳಿದ ಮೇಲೇನೇ, ಹಾಗಾದ್ರೆ ಬೇಗ ಇಳಿಸಿ, ಇದು ಟ್ಯಾಕ್ಸಿ ಮೇಡಂ ವಿಮಾನ ಅಲ್ಲ — ಅವಳ ಬೆರಳು ಅಕ್ಕನ ನಂಬರನ್ನು ಒತ್ತುತ್ತಿದೆ, ರಿಂಗಾಗುತ್ತಿದೆ, ಎತ್ತು, ರಿಂಗಾಗುತ್ತಿದೆ, ಎತ್ತೇ, ಅಡುಗೆಮನೆಯಲ್ಲಿರಬೇಕು, ಕುಕ್ಕರ್ ಕೂಗುತ್ತಿದ್ದರೆ ಅವಳಿಗೆ ಫೋನು ಕೇಳಿಸುವುದಿಲ್ಲ, ಇಲ್ಲ ಸ್ನಾನಕ್ಕೆ ಹೋಗಿರಬೇಕು, ಇಲ್ಲ ಗಿಡಕ್ಕೆ ನೀರು ಹಾಕುತ್ತಿರಬೇಕು, ನೀವು ಕರೆ ಮಾಡಿದ ಚಂದಾದಾರರು ಉತ್ತರಿಸುತ್ತಿಲ್ಲ. ಮತ್ತೆ. ಉತ್ತರಿಸುತ್ತಿಲ್ಲ. ಇನ್ಸ್‌ಪೆಕ್ಟರು ಒಂದೇ ರಿಂಗಿಗೆ ಎತ್ತಿದರು, ಹೇಳಿ ಮೇಡಂ ಎಲ್ಲಿದ್ದೀರಿ ಎಲ್ಲಾ ಕಾಯ್ತಿದ್ದಾರೆ, ಅವಳು ಹೇಳಿದಳು, ಕುರ್ಚಿ ಎಂದಳು, ಕಾಲಿನಿಂದ ಎಂದಳು, ಓರೆ ಎಂದಳು, ಹೇಳಹೇಳುತ್ತ ಅದು ಎಷ್ಟು ತಲೆಬುಡವಿಲ್ಲದ ಮಾತೆಂದು ಅವಳಿಗೇ ಕೇಳಿಸುತ್ತಿತ್ತು, ಈಗ ನಗುತ್ತಾರೆ ಎಂದುಕೊಂಡಳು, ನಗಲಿಲ್ಲ, ಅದೇ ಅವಳನ್ನು ಹೆಚ್ಚು ಹೆದರಿಸಿತು, ಆ ಮನುಷ್ಯ ಇವತ್ತು ಬೆಳಿಗ್ಗೆ ಸಹಾಯವಾಣಿಗೆ ರಜೆ ಹಾಕಿದ್ದಾನೆ ಮೇಡಂ, ಒಂದು ಸಹಿ ಬೇಕಿತ್ತು ಅಂತ ಫೋನ್ ಮಾಡಿಸಿದ್ದೆ, ಸಿಗಲಿಲ್ಲ, ಈಗಲೇ ಹೊರಡ್ತೀವಿ, ನೀವು ಮಾತ್ರ ಒಳಗೆ ಹೋಗಬೇಡಿ, ಕೇಳಿಸ್ತಾ, ಗೇಟಿನ ಹೊರಗೇ ನಿಲ್ಲಿ, ಒಳಗೆ ಹೋಗಬೇಡಿ. ಹೂಂ ಎಂದಳು. ಸೇತುವೆಯ ಮೇಲೆ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ, ಪಕ್ಕದ ಕಾರಿನಲ್ಲಿ ಹೆಂಗಸೊಬ್ಬಳು ಕನ್ನಡಿ ನೋಡಿಕೊಂಡು ತುಟಿಗೆ ಬಣ್ಣ ಹಚ್ಚುತ್ತಿದ್ದಾಳೆ, ಎಷ್ಟು ನಿಧಾನವಾಗಿ ಹಚ್ಚುತ್ತಾಳೆ, ಅಕ್ಕನ ಗಲ್ಲದವರೆಗೆ ಹೊದಿಕೆ, ಇಲ್ಲ, ಹಾಗೆ ಯೋಚಿಸಬಾರದು, ಅಕ್ಕ ಹೊದಿಕೆ ಹೊದೆಯುವವಳೇ ಅಲ್ಲ, ಚಿಕ್ಕಂದಿನಲ್ಲಿ ಒಂದೇ ಹಾಸಿಗೆಯಲ್ಲಿ ಮಲಗಿದಾಗ ಹೊದಿಕೆಯನ್ನೆಲ್ಲ ಒದ್ದು ತಂಗಿಯ ಮೇಲೆ ಹಾಕುವವಳು, ಸೆಖೆ ಕಣೇ ನನಗೆ, ನೀನೇ ಹೊದ್ಕೋ ಎಂದು, ಗುಡುಗಿಗೆ ಹೆದರಿ ಅತ್ತರೆ ಕಿವಿಗೆ ಎರಡೂ ಕೈ ಒತ್ತಿ ಹಿಡಿಯುವವಳು, ಅಮ್ಮ ಹೋದ ಮೇಲೆ ತಲೆ ಬಾಚಿದವಳು, ಫೀಸು ಕಟ್ಟಲು ತಾನು ಓದು ಬಿಟ್ಟವಳು, ಅದನ್ನು ಒಂದು ದಿನವೂ ಬಾಯಿಬಿಟ್ಟು ಆಡಿ ತೋರಿಸದವಳು, ಅವಳೊಬ್ಬಳೇ ಇರುವುದು ನನಗೆ, ದೇವರೇ ಇನ್ಯಾರೂ ಇಲ್ಲ, ಈ ಮೂರು ಕಾಸಿನ ನಾಲಿಗೆ, ಇಪ್ಪತ್ತು ವರ್ಷ ಊರಿನ ಕೊಲೆಗಡುಕರ ಮುಂದೆಲ್ಲ ಕಟ್ಟಿಹಾಕಿಕೊಂಡಿದ್ದ ನಾಲಿಗೆ, ಒಂದು ಕುರ್ಚಿ ಓರೆಯಾಯಿತೆಂದು ಬಿಚ್ಚಿಕೊಂಡುಬಿಟ್ಟಿತಲ್ಲ. ಕರ್ಚೀಫು ತಗೊಳ್ಳಿ ಮೇಡಂ, ಡ್ರೈವರ್ ಹಿಂದಕ್ಕೆ ಕೈ ಚಾಚಿದ್ದಾನೆ, ಮನೇಲೇನಾದ್ರೂ ತೊಂದ್ರೆನಾ ಎನ್ನುತ್ತಿದ್ದಾನೆ, ಇಳಿದ ತಕ್ಷಣ ಅಡ್ಡದಾರಿ ಒಂದಿದೆ, ಕುಲುಕುತ್ತೆ, ಪರ್ವಾಗಿಲ್ವಾ. ಕುಲುಕಲಿ ಎಂದಳು.

ಹಳೇ ಅಂಚೆ ಕಚೇರಿಯ ಕೆಂಪು ಗೋಡೆ, ಮೂಲೆಯ ಔಷಧದಂಗಡಿ, ಮಲಗಿದ ನಾಯಿ, ಎಲ್ಲ ಎಂದಿನ ಹಾಗೆಯೇ ಇದೆ, ಬೀದಿಯಲ್ಲಿ ಮಧ್ಯಾಹ್ನದ ಬಿಸಿಲು, ಯಾರದೋ ಮನೆಯ ಟಿವಿಯಲ್ಲಿ ಯಾರೋ ನಗುತ್ತಿದ್ದಾರೆ, ಪೊಲೀಸ್ ಜೀಪಿಲ್ಲ, ಅವರಿನ್ನೂ ಸೇತುವೆಯ ಆ ಕಡೆ ಇರಬೇಕು, ಇಲ್ಲೇ ಇರಿ, ಎಲ್ಲೂ ಹೋಗಬೇಡಿ ಎಂದು ಡ್ರೈವರನಿಗೆ ಹೇಳಿ ಗೇಟಿನ ಹೊರಗೇ ನಿಂತಳು, ಇನ್ಸ್‌ಪೆಕ್ಟರು ಹೇಳಿದ ಹಾಗೆಯೇ ನಿಂತಳು, ಒಳಗೆ ಹೋಗಬಾರದು, ಹೋಗಿ ಮಾಡುವುದಾದರೂ ಏನು, ಕೈಯಲ್ಲಿರುವುದು ಒಂದು ಬ್ಯಾಗು, ಅದರಲ್ಲಿ ಇರಬಹುದು ಇರಬಹುದು ಎಂದು ಬರೆದ ವರದಿ. ಕಿಟಕಿಯ ಪರದೆ ಸರಿಸಿದೆ. ಬಾಗಿಲು ಮುಚ್ಚಿದೆ. ಬಾಗಿಲ ಪಕ್ಕದಲ್ಲಿ ಅಕ್ಕನ ಹಳದಿ ಚಪ್ಪಲಿ, ಅದರ ಪಕ್ಕದಲ್ಲಿ, ಜೋಡಿಸಿಟ್ಟ, ಪಾಲಿಶ್ ಮಾಡಿದ ಕಂದು ಶೂ — ಕೂಗಬೇಕು, ಕೂಗಿದರೆ ಅವನಿಗೂ ಕೇಳಿಸುತ್ತದೆ, ಓಡಿಹೋಗಿ ಬಾಗಿಲು ಬಡಿಯಬೇಕು, ಬಡಿದರೆ ಅವನೇ ತೆರೆದರೆ, ಎಷ್ಟು ಹೊತ್ತಾಯಿತು ಅವನು ಬಂದು, ಎಲ್ಲ ಮುಗಿದಿದ್ದರೆ, ಮುಗಿದಿದ್ದರೆ ಶೂ ಇರುತ್ತಿರಲಿಲ್ಲ ಅಲ್ಲವೇ, ಶೂ ಇದೆ ಎಂದರೆ ಇನ್ನೂ ಮುಗಿದಿಲ್ಲ, ಶೂ ಇರುವುದೇ ಒಳ್ಳೆಯದು ಎಂದು ಯೋಚಿಸುವ ಹಾಗಾಯಿತಲ್ಲ — ಅಷ್ಟರಲ್ಲಿ ಬಾಗಿಲು ತೆರೆಯಿತು. ಅಕ್ಕ. ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಬದುಕಿರುವ, ದಪ್ಪಗಿನ, ಉಸಿರಾಡುತ್ತಿರುವ ಅಕ್ಕ, ಅಯ್ಯೋ, ನೀನು ನಿಜವಾಗ್ಲೂ ಬಂದುಬಿಟ್ಯಲ್ಲೇ, ಅವರು ನಿಮ್ಮ ತಂಗಿ ಈಗ ಬರ್ತಾರೆ ನೋಡಿ ಅಂದಾಗ ನಾನು ನಂಬಲೇ ಇಲ್ಲ, ಅವಳು ಹಬ್ಬಕ್ಕೆ ಕರೆದ್ರೂ ಬರೋದಿಲ್ಲ ಅಂದೆ, ಬಾ ಒಳಗೆ, ಅದ್ಯಾಕೆ ಸಾಲಗಾರಳ ಥರ ಗೇಟ್‌ನಲ್ಲಿ ನಿಂತಿದೀಯ. ಫೋನ್, ಅಕ್ಕಾ, ಫೋನ್ ಯಾಕೆ ಎತ್ತಲಿಲ್ಲ. ಮಾತಾಡುವಾಗ ಫೋನು ದೂರ ಇಡೋಣ ಅಂದ್ರು ಕಣೇ, ನೀನೂ ಹಾಗೇ ಅಲ್ವಾ ಮಾಡೋದು ಕ್ಲಿನಿಕ್ಕಲ್ಲಿ, ಒಳಗೆ ಬೀರುವಿನಲ್ಲಿಟ್ಟೆ, ತುಂಬಾ ಒಳ್ಳೆಯವರು, ನಿಮ್ಮ ಭಾವನ ವಿಷ್ಯ ಎಲ್ಲಾ ಹೇಳ್ಕೊಂಡೆ, ಇಷ್ಟು ದಿನ ಬಾರದ ಅಳು ಇವತ್ತು ಬಂತು ನೋಡು, ಈಗ ಹಿತ್ತಲ ಬಾಗಿಲಿನ ಚಿಲಕ ಸರಿಮಾಡ್ತಿದ್ದಾರೆ. ಒಳಗಿನಿಂದ ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು, ಟಕ್, ಟಕ್, ಆಮೇಲೆ ಚಿಲಕ ಸರಿದು ಕೂತ ಸದ್ದು. ಹೊರಗೆ ಬಾ ಎಂದು ಕೈ ಮಾಡಬೇಕೆನ್ನುವಷ್ಟರಲ್ಲಿ ಅಕ್ಕ ತಿರುಗಿ ಒಳಗೆ ಹೋಗಿಯಾಯಿತು, ಟೀಗೆ ಇಟ್ಟಿದೀನಿ ಉಕ್ಕತ್ತೆ ಎನ್ನುತ್ತ. ಕಾಲು ತಾನಾಗಿ ಅಕ್ಕನ ಹಿಂದೆ ಹೋಯಿತು.

ನಡುಮನೆ. ಭಾವನ ಫೋಟೋ, ಅದರ ಕೆಳಗೆ ಗಡಿಯಾರ, ಊಟದ ಮೇಜನ್ನು ಗೋಡೆಗೆ ಸರಿಸಿದೆ, ನೆಲದ ಮೇಲೆ ಎಂದಿನ ನೀಲಿ ಜಮಖಾನೆ, ಅದರ ನಡುವೆ ಎರಡು ಕುರ್ಚಿ, ಓರೆಗೆ, ಎಷ್ಟು ಸರಿಯಾಗಿ ಇಟ್ಟಿದ್ದಾನೆ, ಅವಳಿಟ್ಟರೂ ಹೀಗೆಯೇ ಇಡುತ್ತಿದ್ದಳು, ಒಂದರಿಂದ ಕಿಟಕಿ ಕಾಣುತ್ತದೆ, ಇನ್ನೊಂದರಿಂದ ಒಳಕೋಣೆಯ ಬಾಗಿಲು, ಬಾಗಿಲು ತೆರೆದಿದೆ, ಮಂಚ, ಮಂಚದ ಮೇಲೆ ಹೊಸದಾಗಿ ಕೊಡವಿ ಹಾಸಿದ ಹೊದಿಕೆ. ಬನ್ನಿ ಮೇಡಂ, ಎಂದಿತು ಬೆನ್ನ ಹಿಂದಿನ ದನಿ. ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾನೆ, ಕಾಲಲ್ಲಿ ಬೂದು ಕಾಲುಚೀಲ, ಕೈಯಲ್ಲಿ ಭಾವನ ಸ್ಕ್ರೂಡ್ರೈವರು, ಅದೇ ವಾಲಿಸಿದ ತಲೆ, ಹಿಂದಿನ ಬಾಗಿಲು ಈಗ ಭದ್ರ, ಎಷ್ಟು ಎಳೆದ್ರೂ ಬರೋದಿಲ್ಲ ಎಂದ. ಅವನ ಮತ್ತು ಮುಂಬಾಗಿಲಿನ ನಡುವೆ ಅವಳು ನಿಂತಿದ್ದಾಳೆ, ಅವನ ಪಕ್ಕದಲ್ಲೇ ಅಕ್ಕ, ಕೈಚಾಚಿದರೆ ಸಿಗುವಷ್ಟು ಪಕ್ಕ, ಟೀ ಸೋಸುತ್ತ ಏನೋ ಹೇಳುತ್ತಿದ್ದಾಳೆ, ಅಕ್ಕನನ್ನು ಹೊರಗೆ ಕಳಿಸಬೇಕು, ಹೇಗೆ, ಪಕ್ಕದ ಮನೆಯಿಂದ ಸಕ್ಕರೆ ತಾ ಎಂದರೆ ಡಬ್ಬ ತೆಗೆದು ತೋರಿಸುತ್ತಾಳೆ, ಓಡು ಎಂದರೆ ಯಾಕೇ ಎಂದು ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾಳೆ, ಅಕ್ಕನಿಗೆ ಯಾವತ್ತೂ ಕಾರಣ ಬೇಕು, ಭಯವಾಗುತ್ತಿದೆ, ಚಿಕ್ಕಂದಿನ ಗುಡುಗಿನ ಭಯ, ಯಾರಾದರೂ ಕಿವಿ ಮುಚ್ಚಲಿ — ಅಕ್ಕಾ, ಎಂದಳು, ದನಿ ಎಲ್ಲಿಂದ ಬಂತೋ, ತಮ್ಮ ಬಂದಿದಾನೆ. ಟೀ ಸೋಸುವ ಕೈ ನಿಂತಿತು. ಹೊರಗೆ ಟ್ಯಾಕ್ಸೀಲಿ ಕೂತಿದಾನೆ ಅಕ್ಕಾ, ಒಳಗೆ ಬರೋಕೆ ನಾಚಿಕೆಯಂತೆ, ನನ್ನ ಮಾತು ಕೇಳಲ್ಲ, ನೀನೇ ಹೋಗಿ ಕರ್ಕೊಂಡು ಬಾ. ಅಕ್ಕ ಅವಳನ್ನು ನೋಡಿದಳು. ಭಾವನ ಫೋಟೋದ ಕೆಳಗಿನ ಗಡಿಯಾರ ಓಡುತ್ತಿದೆ, ಅಕ್ಕ ನೋಡುತ್ತಿದ್ದಾಳೆ, ತಂಗಿಯ ಮುಖದಲ್ಲಿ ಏನನ್ನೋ ಓದುತ್ತಿದ್ದಾಳೆ, ಓದು ಅಕ್ಕಾ, ಬೇಗ ಓದು, ನಗಬೇಡ, ದಮ್ಮಯ್ಯ ಈಗೊಂದು ಸಲ ನಗಬೇಡ, ನಿಮಗೆ ತಮ್ಮ ಇದ್ದಾರಾ, ಹೇಳಲೇ ಇಲ್ಲವಲ್ಲ ಮೇಡಂ ಎನ್ನುತ್ತಿದ್ದಾನೆ ಅವನು, ಮೊನ್ನೆ ನಾವಿಬ್ಬರೇ ಅಕ್ಕತಂಗಿಯರು ಎಂದಿದ್ದೆನೇ, ಎಂದಿರಲಿಲ್ಲವೇ, ನೆನಪಾಗುತ್ತಿಲ್ಲ, ಎಂದಿದ್ದರೆ ಮುಗಿಯಿತು. ಅವನ ವಿಷ್ಯ ಯಾರ ಹತ್ರ ಅಂತ ಹೇಳೋದು ಸಾರ್, ಅಕ್ಕನ ದನಿ, ಎಷ್ಟು ಸಲೀಸಾದ ದನಿ, ಮನೆ ಮರ್ಯಾದೆ ಮೂರು ಕಾಸಿಗೆ ಹರಾಜು ಹಾಕಿದವನು, ನಮ್ಮ ಯಜಮಾನ್ರು ಹೋದಾಗ್ಲೂ ಹೀಗೇ ಬೀದೀಲೇ ನಿಂತಿದ್ದ ದರಿದ್ರದವನು, ಬರ್ಲಿ ಇವತ್ತು, ಕಿವಿ ಹಿಂಡಿ ಎಳ್ಕೊಂಡು ಬರ್ತೀನಿ. ಸೋಸುವ ಜಾಲರಿಯನ್ನು ಮೆಲ್ಲಗೆ ಕೆಳಗಿಟ್ಟಳು. ಅವನ ಮುಂದಿನಿಂದಲೇ ಹಾದು ಬಂದಳು, ತಂಗಿಯ ಪಕ್ಕ ಬಂದಾಗ ಅಕ್ಕನ ಬೆರಳು ಅವಳ ಮುಂಗೈಯನ್ನು ಒಂದು ಸಲ ಹಿಂಡಿತು, ಮಂಜಿನಂಥ ಬೆರಳು, ನೀನೂ ಬಾ ಎಂದು ಎಳೆಯಿತು ಆ ಬೆರಳು, ಅವಳು ಬಿಡಿಸಿಕೊಂಡಳು, ಇಬ್ಬರೂ ಹೊರಟರೆ ಅವನು ಇಬ್ಬರನ್ನೂ ಬಿಡುವುದಿಲ್ಲ, ನೀನು ಹೋಗಕ್ಕಾ, ನಾನು ಇವರ ಜೊತೆ ಮಾತಾಡ್ತಿರ್ತೀನಿ.

ಹಳದಿ ಚಪ್ಪಲಿಯ ಸದ್ದು ಮೆಟ್ಟಿಲಿಳಿಯಿತು, ಗೇಟು ಕಿರುಗುಟ್ಟಿತು, ಟ್ಯಾಕ್ಸಿಯ ಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು, ಹೋಗಿಬಿಡಿ ಡ್ರೈವರೇ, ಕೇಳಬೇಡಿ, ಹೋಗಿಬಿಡಿ, ಎಂಜಿನ್ನು, ಹೋಯಿತು, ಮೂಲೆ ತಿರುಗಿತು, ಅಕ್ಕ ಹೋದಳು, ಅಕ್ಕ ಬದುಕಿದಳು, ಕಿವಿ ಎಷ್ಟು ಚಾಚಿದರೂ ಜೀಪಿನ ಸದ್ದು ಮಾತ್ರ ಇಲ್ಲ, ಬರುತ್ತಾರೆ, ಸೇತುವೆ ಇಳಿದಿರುತ್ತಾರೆ, ಅಲ್ಲಿಯವರೆಗೆ ಮಾತಾಡಿಸುತ್ತಿರಬೇಕು ಅಷ್ಟೆ, ಅದೇ ತಾನೆ ಬರುವುದು ತನಗೆ. ಅವನು ಅವಳ ಪಕ್ಕದಿಂದಲೇ ಹೋಗಿ ಮುಂಬಾಗಿಲನ್ನು ಮುಚ್ಚಿದ, ಅವಸರವಿಲ್ಲದೆ, ಸ್ಕ್ರೂಡ್ರೈವರನ್ನು ಫೋಟೋದ ಕೆಳಗೆ ಇಟ್ಟ, ಕೂತ್ಕೊಳ್ಳಿ ಮೇಡಂ ಎಂದ, ಕಿಟಕಿ ಕಾಣುವ ಕುರ್ಚಿಯನ್ನು ತೋರಿಸಿದ, ಅವಳು ಕೂತಳು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡಳು. ನಾವಿಬ್ಬರೇ ಅಂತ ನೀವೇ ಅಂದಿದ್ರಿ ಮೊನ್ನೆ, ಎಂದ ಅವನು, ಬೇಸರವೇನೂ ಇಲ್ಲದ ದನಿಯಲ್ಲಿ, ಇರ್ಲಿ ಬಿಡಿ, ನಿಮ್ಮಕ್ಕನ ಮಾತು ಮುಗಿದಿತ್ತು, ನಿಮ್ಮದು ಬಾಕಿ ಇತ್ತು. ಏನಾದರೂ ಹೇಳಬೇಕು, ಈಗ, ಮೊದಲ ಮಾತು, ಯಾವುದಾದರೂ ಒಂದು, ಆದರೆ ಅವನು ಇನ್ನೂ ಕೂತಿಲ್ಲ, ಕುರ್ಚಿಯ ಬೆನ್ನು ಹಿಡಿದು ನಿಂತು ಕೆಳಗೆ ನೋಡುತ್ತಿದ್ದಾನೆ, ಅವಳೂ ಕೆಳಗೆ ನೋಡುತ್ತಿದ್ದಾಳೆ, ಬೂದು ಕಾಲುಚೀಲದ ತುದಿ, ಕುರ್ಚಿಯ ಮುಂದಿನ ಕಾಲು, ನೀಲಿ ಜಮಖಾನೆಯ ಮೇಲೆ ಈ ಸಲ ಸದ್ದೇ ಇಲ್ಲ, ಒಂಚೂರು, ಅಷ್ಟೇ ಅಷ್ಟು —